ತಿರುಗಿಸಿ ಹಾಕಿದ ಟೈರು

ಹಿಂದಿನ ಟೈರು ಬೋಳಾಗಿದೆ ಎಂದು ಮೊದಲು ಕಂಡುಹಿಡಿದದ್ದು ಅವಳ ಗಂಡ. ಒಂದು ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಅವನು ಟೈರಿನ ಮೇಲೆ ಕೈಯಾಡಿಸಿದ, ಆಮೇಲೆ ಅದೇ ಕೈಯನ್ನು ತನ್ನ ತಲೆಯ ಮೇಲೆ ಆಡಿಸಿಕೊಂಡ.

"ಎರಡೂ ಒಂದೇ ಥರ ಇದೆ ನೋಡು. ಇದನ್ನಾದ್ರೂ ಬದಲಾಯಿಸ್ಬಹುದು," ಅಂದ.

ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಗಾಡಿ ಓಡಿಸುವುದೆಂದರೆ ಅವನಿಗೆ ಪ್ರಾಣಭಯ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ದಿನಾ ಬೆಳಿಗ್ಗೆ ಹೆಂಡತಿಯ ಬೈಕಿನ ಹಿಂದೆ ಕೂತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಂಗಡಿ ತಲುಪುತ್ತಾನೆ. ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಮಹಾನುಭಾವ ತಾನು ಮಾತ್ರ ಇಷ್ಟು ವರ್ಷದಲ್ಲಿ ದಾರಿ ಯಾವುದು ಅಂತಲೇ ನೋಡಿಲ್ಲ ಎಂದು ಅವಳು ರೇಗಿಸುತ್ತಾಳೆ. ಅವನು ನಗುತ್ತಾನೆ, ಆದರೆ ಕಣ್ಣು ಬಿಡುವುದಿಲ್ಲ.

ಅವಳ ಕೆಲಸವೇ ಗಾಡಿಯ ಮೇಲಿನದು. ಊರಿನ ಹನ್ನೊಂದು ಸಣ್ಣ ಕ್ಲಿನಿಕ್‌ಗಳಿಂದ ರಕ್ತದ ಸ್ಯಾಂಪಲ್ ತುಂಬಿದ ಕೊಳವೆಗಳನ್ನು ತಂದು ದೊಡ್ಡ ಲ್ಯಾಬಿಗೆ ಮುಟ್ಟಿಸಬೇಕು. ಗಾಡಿಯ ಹಿಂದಿನ ಕ್ಯಾರಿಯರ್‌ಗೆ ತಣ್ಣನೆಯ ನೀಲಿ ಪೆಟ್ಟಿಗೆ ಬಿಗಿದಿರುತ್ತದೆ. ಕೆಲವು ಕೊಳವೆಗಳು ಎರಡು ಗಂಟೆಯೊಳಗೆ ತಲುಪಲೇಬೇಕು. ತಲುಪದಿದ್ದರೆ ಯಾರೋ ಪಾಪದವರು ಇನ್ನೊಂದು ಸಲ ತೋಳು ಚಾಚಿ ಸೂಜಿ ಚುಚ್ಚಿಸಿಕೊಳ್ಳಬೇಕು. ಕ್ಲಿನಿಕ್ಕಿನವರೆಲ್ಲ ಅವಳನ್ನು ಸ್ಯಾಂಪಲ್ ಅಕ್ಕ ಅಂತಲೇ ಕರೆಯುವುದು. ಇಂಥವಳಿಗೆ ಬೋಳು ಟೈರು ಅಂದರೆ ಬರೀ ಖರ್ಚಿನ ಮಾತಲ್ಲ, ಅನ್ನದ ಮಾತು, ಹಿಂದೆ ಕಣ್ಣು ಮುಚ್ಚಿ ಕೂತವನ ಜೀವದ ಮಾತು.

ಟೈರಿನ ವಿಷಯದಲ್ಲಿ ಅವಳ ಕಿವಿಗೆ ಹೂವಿಡುವುದು ಸುಲಭವಲ್ಲ. ಅವಳು ಬೆಳೆದದ್ದೇ ಟೈರಿನ ಅಂಗಡಿಯಲ್ಲಿ. ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅಮ್ಮ ಕೆಲಸಕ್ಕೆ ಹೋದಳು, ಶಾಲೆ ಬಿಟ್ಟ ಮೇಲಿನ ಅವಳ ಸಂಜೆಗಳೆಲ್ಲ ಚಿಕ್ಕಪ್ಪನ ಅಂಗಡಿಯಲ್ಲಿ ಕಳೆದವು. ಬೀದಿಯವರು ಚಿಕ್ಕಪ್ಪನಿಗೆ ಗಾಳಿ ಮಾಸ್ತರ್ ಎಂದು ಹೆಸರಿಟ್ಟಿದ್ದರು. ಗಾಳಿ ತುಂಬುತ್ತಾ ತುಂಬುತ್ತಾ ಗಿರಾಕಿಗೆ ಒಂದು ಪಾಠ ಹೇಳದೆ ಬಿಡುತ್ತಿರಲಿಲ್ಲ ಅವನು. ಅವಳಿಗಂತೂ ಪಾಠದ ಮೇಲೆ ಪಾಠ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಯಾವ ವಾರ, ಕೊನೆಯ ಎರಡು ಯಾವ ವರ್ಷ ಅನ್ನುವುದನ್ನು ಅವಳು ಹೈಸ್ಕೂಲು ಮುಗಿಸುವ ಮೊದಲೇ ಕಲಿತಿದ್ದಳು.

"ಅಂಗಡಿಯವನು ಏನ್ ಬೇಕಾದ್ರೂ ಹೇಳ್ತಾನೆ. ಆ ಅಂಕಿ ಒಂದೇ ಸುಳ್ಳು ಹೇಳಲ್ಲ. ಐದು ವರ್ಷ ದಾಟಿದ್ರೆ ಬಿಟ್ಟಿ ಕೊಟ್ರೂ ಬೇಡ," ಅನ್ನುತ್ತಿದ್ದ. ಗಾಡಿ ಓಡಿಸಲು ಕಲಿಸಿದವನೂ ಅವನೇ. ಅವಳ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವನೂ ಅವನೇ.

ಹಾಗಿದ್ದರೆ ಟೈರಿಗೆ ನೆಟ್ಟಗೆ ಅವನ ಹತ್ತಿರವೇ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೋಗಲಿಲ್ಲ, ಯಾಕೆಂದರೆ ಅವನು ಅವಳ ಹತ್ತಿರ ದುಡ್ಡು ತಗೊಳ್ಳುವುದಿಲ್ಲ. ಕೊಟ್ಟರೆ ಮುಖ ಊದಿಸಿಕೊಳ್ಳುತ್ತಾನೆ. ಅಂಗಡಿಯಲ್ಲಿ ಮೊದಲಿನ ವ್ಯಾಪಾರವೂ ಇಲ್ಲ. ಹೊಸ ಟೈರು ಬೇಕಾದವರೆಲ್ಲ ದೊಡ್ಡ ಅಂಗಡಿ ಹಿಡಿದಿದ್ದಾರೆ, ಅವನಿಗೆ ಉಳಿದಿರುವುದು ಪಂಕ್ಚರ್ ಮತ್ತು ಗಾಳಿ. ಅಂಥವನಿಗೆ ಭಾರವಾಗುವುದು ಬೇಡ ಎಂದು ಅವಳು ನಾಲ್ಕು ದಿನ ಸುತ್ತಿದಳು.

ಮುಂದಿನ ಟೈರೂ ಸವೆದಿತ್ತು, ಎರಡನ್ನೂ ಬದಲಾಯಿಸಬೇಕಿತ್ತು. ಮೊದಲು ಗಾಜಿನ ಬಾಗಿಲಿನ ಅಂಗಡಿ. ಅಲ್ಲಿ ಟೈ ಕಟ್ಟಿದವನೊಬ್ಬ ಅವಳನ್ನು ಕೂರಿಸಿ, ತಣ್ಣೀರು ಕೊಟ್ಟು, ಎರಡು ಟೈರಿಗೆ ನಾಲ್ಕು ಸಾವಿರದ ಎಂಟುನೂರು ಅಂದ, ಹಾಕುವುದಕ್ಕೆ ಬೇರೆ. ನೀರಿನ ದುಡ್ಡೂ ಸೇರಿದೆ ಅಂತ ಅವಳಿಗೆ ಗೊತ್ತಾಯಿತು. ಆಮೇಲೆ ಸೇತುವೆ ಕೆಳಗಿನ ಅಂಗಡಿ. ಮೂರು ಸಾವಿರಕ್ಕೆ ಜೋಡಿ, ಹೊಳೆಯುವ ಕಪ್ಪು. ಅವಳು ಬಗ್ಗಿ ಅಂಕಿ ನೋಡಿದಳು. ಏಳು ವರ್ಷದ ಹಿಂದಿನದು.

"ಅಷ್ಟು ಹಳೇದು ಯಾಕೆ ಮಾರ್ತೀರಿ?" ಅಂದಳು.

"ಟೈರೇನು ಹಾಲಾ ತಾಯಿ, ಒಡೆದು ಹೋಗೋಕೆ?" ಅಂದ ಅಂಗಡಿಯವನು.

ಅವಳಿಗೆ ನಗು ಬಂತು, ಆದರೆ ಟೈರು ತಗೊಳ್ಳಲಿಲ್ಲ. ಇನ್ನೆರಡು ಕಡೆ ವಿಚಾರಿಸಿದಳು. ಕೊನೆಗೆ ಸರ್ಕಲ್ ಹತ್ತಿರದ ಒಂದು ದೊಡ್ಡ ಅಂಗಡಿಯಲ್ಲಿ, ಇದೇ ವರ್ಷದ ಮಾಲು, ಹಾಕುವುದೂ ಸೇರಿ ನಾಲ್ಕು ಸಾವಿರದ ನೂರಕ್ಕೆ ಮಾತಾಯಿತು. ನಾಳೆ ಬರುತ್ತೇನೆಂದು ಹೇಳಿ ಮನೆಗೆ ಬಂದರೆ ಗಂಡ ತಲೆ ಕೆರೆದುಕೊಂಡ.

"ಚಿಕ್ಕಪ್ಪನಿಗೆ ಒಂದು ಮಾತು ಹೇಳ್ಬಿಡು. ಆಮೇಲೆ ಬೇರೆ ಯಾರಿಂದಾನೋ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ."

ಒಳ್ಳೆಯ ಮಾತೇ. ಮುಂದೆ ಆದದ್ದಕ್ಕೆ ಅವನು ತನ್ನನ್ನೇ ಬೈದುಕೊಂಡ, ಪಾಪ. ತಪ್ಪು ಅವನದಂತೂ ಅಲ್ಲ.

ಮರುದಿನ ಚಿಕ್ಕಪ್ಪನ ಅಂಗಡಿಗೆ ಹೋದಾಗ ಅವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದ. ಅವಳು ಸ್ಟೂಲಿನ ಮೇಲೆ ಕೂತು, ಸುತ್ತಿದ ಅಂಗಡಿಗಳ ಕಥೆಯನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹಾಲು ಒಡೆಯುವ ಮಾತು ಹೇಳಿ ನಗಿಸೋಣ ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ಊರೆಲ್ಲ ಸುತ್ತಿದ ಮೇಲೆ ನನ್ನ ನೆನಪು ಬಂತು," ಅಂದ.

"ನೀನು ದುಡ್ಡು ತಗೊಳ್ಳಲ್ವಲ್ಲ ಚಿಕ್ಕಪ್ಪ. ಅದಕ್ಕೇ ಬರಲಿಲ್ಲ."

"ಈ ಸಲ ತಗೋತೀನಿ. ಸರ್ಕಲ್‌ನವನು ಎಷ್ಟಂದ? ನಾಲ್ಕು ಸಾವಿರದ ನೂರಾ? ನಾನು ಮೂರು ಸಾವಿರದ ಏಳುನೂರಕ್ಕೆ ಹಾಕ್ತೀನಿ. ಗಾಡಿ ಬಿಟ್ಟು ಹೋಗು, ಸಾಯಂಕಾಲ ಬಾ."

"ನಿನಗೆ ಗಿಟ್ಟುತ್ತಾ? ನಷ್ಟ ಮಾಡ್ಕೋಬೇಡ."

"ಮೂವತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಗಿಟ್ಟಿಸೋದು ಹೇಗೆ ಅಂತ ನನಗೆ ಹೇಳ್ಕೊಡ್ತೀಯಾ?"

ಸಂಜೆ ಬಂದಾಗ ಗಾಡಿ ತೊಳೆದು ಒರೆಸಿ ನಿಲ್ಲಿಸಿದ್ದ. ಟೈರುಗಳು ಕಪ್ಪಗೆ ಹೊಳೆಯುತ್ತಿದ್ದವು. ಅವಳು ದುಡ್ಡು ಕೊಟ್ಟಳು, ಅವನು ಎಣಿಸದೆ ಜೇಬಿಗಿಟ್ಟುಕೊಂಡ. ಬೇರೆಯವರ ಅಂಗಡಿಯಲ್ಲಿ ನಾಲ್ಕು ದಿನ ಮಂಡಿಯೂರಿ ಅಂಕಿ ಓದಿದವಳಿಗೆ ಅಲ್ಲಿ ಆ ಯೋಚನೆಯೇ ಬರಲಿಲ್ಲ. ಗಾಡಿ ಹತ್ತಿ ಹಾಯಾಗಿ ಮನೆಗೆ ಹೋದಳು.

ಎಂಟನೆಯ ದಿನ ಬಿದ್ದರು. ಬಿದ್ದದ್ದು ದೊಡ್ಡದೇನಲ್ಲ. ಮನೆ ಹತ್ತಿರದ ಎರಡು ಕ್ಲಿನಿಕ್ ಮುಗಿಸಿ, ಗಂಡನನ್ನು ಕೂರಿಸಿಕೊಂಡು ಹೋಗುತ್ತಿದ್ದಳು. ಯಾರೋ ಅಂಗಡಿಯ ಮುಂದೆ ನೆಲ ತೊಳೆದ ನೀರನ್ನು ರಸ್ತೆಗೆ ಬಿಟ್ಟಿದ್ದರು. ನಿಧಾನಕ್ಕೇ ಇದ್ದಳು, ಮೆಲ್ಲಗೆ ಬ್ರೇಕ್ ಒತ್ತಿದಳು, ಹಿಂದಿನ ಚಕ್ರ ತನ್ನ ಪಾಡಿಗೆ ತಾನು ಪಕ್ಕಕ್ಕೆ ಜಾರಿಬಿಟ್ಟಿತು. ಗಂಡನ ಮೊಣಕೈ ತರಚಿ ರಕ್ತ ಬಂತು, ಕನ್ನಡಕ ಮುರಿಯಿತು. ಅವಳು ಎದ್ದವಳೇ ಮೊದಲು ನೀಲಿ ಪೆಟ್ಟಿಗೆ ತೆಗೆದು ಕೊಳವೆಗಳನ್ನು ನೋಡಿದಳು, ಒಂದೂ ಒಡೆದಿರಲಿಲ್ಲ. ಗಂಡ ರಸ್ತೆಯಲ್ಲಿ ಕೂತೇ ತೋಳು ಚಾಚಿದ.

"ಊರಿನವರ ರಕ್ತ ಎಲ್ಲ ಸರಿಯಾಗಿದ್ರೆ, ನಂದೂ ಸ್ವಲ್ಪ ಹೋಗ್ತಾ ಇದೆ, ನೋಡ್ತೀಯಾ?"

ನಕ್ಕರು. ಆದರೆ ಇಷ್ಟು ವರ್ಷದಲ್ಲಿ ಅವಳು ಅವನನ್ನು ಬೀಳಿಸಿರಲಿಲ್ಲ. ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಚಿಕ್ಕಪ್ಪನಿಗೆ ಫೋನ್ ಮಾಡಿದಳು. ಬೆಳಿಗ್ಗೆ ಬಿದ್ದದ್ದನ್ನು ಹೇಳಿದಳು.

"ಪೆಟ್ಟಾಯ್ತಾ?"

"ಅವರಿಗೆ ಮೊಣಕೈ ತರಚಿದೆ ಅಷ್ಟೆ. ಗಾಡಿ ಜಾರಿದ್ದು ಯಾಕೆ ಅಂತ ಗೊತ್ತಾಗ್ತಿಲ್ಲ ಚಿಕ್ಕಪ್ಪ. ಹೊಸ ಟೈರು."

"ಹೊಸದಕ್ಕೇ ಹಾಗಾಗೋದು ಮಗಳೇ. ಅಚ್ಚಿನಿಂದ ಬಿಡಿಸೋಕೆ ಮೇಣದ ಥರ ಒಂದು ಪದರ ಹಚ್ಚಿರ್ತಾರೆ. ನೂರಿನ್ನೂರು ಕಿಲೋಮೀಟರ್ ಓಡಿದ್ರೆ ಸವೆದು ಹೋಗುತ್ತೆ. ಅಲ್ಲಿ ತನಕ ನಿಧಾನ ಹೋಗು."

ಮಾತು ನಿಜವೇ. ಹೊಸ ಟೈರಿಗೆ ಹಾಗೊಂದು ನುಣುಪು ಇರುತ್ತದೆ, ಚಿಕ್ಕವಳಿದ್ದಾಗ ಅವನೇ ಹೇಳಿದ್ದ. ಹಾಗಾಗಿ ತಪ್ಪು ತನ್ನದೇ, ಮರೆತೆ ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಎರಡು ವಾರ ಎತ್ತಿನ ಗಾಡಿಯ ಹಾಗೆ ಓಡಿಸಿದಳು. ಎರಡು ಸಲ ಲ್ಯಾಬಿಗೆ ತಡವಾಯಿತು, ಮೇಲ್ವಿಚಾರಕಿಯಿಂದ ಬೈಸಿಕೊಂಡಳು. ಯಾರೋ ಇಬ್ಬರು ಮತ್ತೆ ತೋಳು ಚಾಚಿದರು. ನೂರಿನ್ನೂರಲ್ಲ, ಐನೂರು ಕಿಲೋಮೀಟರ್ ಆದರೂ ನೀರು ಕಂಡಲ್ಲೆಲ್ಲ ಹಿಂದಿನ ಚಕ್ರ ಸಣ್ಣಗೆ ಜಾರುತ್ತಲೇ ಇತ್ತು. ವಯಸ್ಸಾಯಿತೇನೋ, ಕೈ ಹಿಡಿತ ತಪ್ಪುತ್ತಿದೆಯೇನೋ ಎಂದುಕೊಂಡಳು. ಮೂವತ್ತೇಳು ಅಂಥ ವಯಸ್ಸೂ ಅಲ್ಲ.

ಒಂದು ಮಧ್ಯಾಹ್ನ ಒಂಬತ್ತನೆಯ ಕ್ಲಿನಿಕ್ಕಿನ ಹತ್ತಿರ ಹಿಂದಿನ ಟೈರಿಗೆ ಮೊಳೆ ಚುಚ್ಚಿತು. ಪೆಟ್ಟಿಗೆಯನ್ನು ಆಟೋ ಹತ್ತಿಸಿ ಲ್ಯಾಬಿಗೆ ಕಳಿಸಿ, ಗಾಡಿಯನ್ನು ತಳ್ಳಿಕೊಂಡು ಪಂಕ್ಚರ್ ಅಂಗಡಿಯೊಂದಕ್ಕೆ ಬಂದಳು. ಅಂಗಡಿ ಅಂದರೆ ಒಂದು ಕಂಪ್ರೆಸರ್, ಒಂದು ಪೆಟ್ಟಿಗೆ, ಬಿಳಿ ಗಡ್ಡದ ಒಬ್ಬ ಮುದುಕ. ಅವನು ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಒಂದು ಸುತ್ತು ತಿರುಗಿಸಿ, ನಿಲ್ಲಿಸಿ ನೋಡಿದ.

"ಯಾರಮ್ಮ ಇದನ್ನ ಹಾಕಿದ್ದು?"

"ಯಾಕೆ?"

"ಬಾಣ ನೋಡಿ." ಟೈರಿನ ಪಕ್ಕದಲ್ಲಿ ಚಕ್ರ ಯಾವ ಕಡೆಗೆ ಉರುಳಬೇಕೆಂದು ತೋರಿಸುವ ಸಣ್ಣ ಬಾಣವಿತ್ತು. ಅದು ಹಿಂದಕ್ಕೆ ಮುಖ ಮಾಡಿತ್ತು. "ತಿರುಗಾಮುರುಗಾ ಹಾಕಿದ್ದಾರೆ. ಈ ಗೆರೆಗಳು ನೀರನ್ನ ಹೊರಕ್ಕೆ ತಳ್ಳಬೇಕು, ಇದು ಒಳಕ್ಕೆ ಎಳ್ಕೊಳ್ಳುತ್ತೆ. ಯಾರೋ ಕೆಲಸ ಕಲೀತಾ ಇರೋನು ಹಾಕಿರ್ಬೇಕು."

ಅವಳಿಗೆ ಚುರ್ರೆಂದಿತು.

"ಕಲೀತಾ ಇರೋರಲ್ಲ. ನಮ್ಮ ಚಿಕ್ಕಪ್ಪ. ಮೂವತ್ತೈದು ವರ್ಷದ ಕೈ ಅದು."

ಮುದುಕ ಚಕ್ರ ಬಿಚ್ಚತೊಡಗಿದ. ಅವಳು ಪಕ್ಕದಲ್ಲಿ ನಿಂತು ಸಂಕಟಪಟ್ಟಳು, ಕೋಪದಿಂದಲ್ಲ, ಕನಿಕರದಿಂದ. ಚಿಕ್ಕಪ್ಪನಿಗೆ ಕಣ್ಣು ಮಂಜಾಗಿದೆ, ಬಾಣ ಕಂಡಿಲ್ಲ, ನಮಗೆ ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದುಕೊಂಡಳು. ಅಲ್ಲೇ ಗಂಡನಿಗೆ ಫೋನ್ ಮಾಡಿ, ಭಾನುವಾರ ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿ, ಒಳ್ಳೆಯ ಕನ್ನಡಕ ಕೊಡಿಸಬೇಕು ಎಂದಳು. ಗಂಡ ಆಗಲಿ ಅಂದ. ಇಂಥ ನಂಬಿಕೆಗೆ ಏನು ಹೇಳುವುದು?

"ಸರಿಯಾಗಿ ತಿರುಗಿಸಿ ಹಾಕ್ಲಾ?" ಎಂದು ಮುದುಕ ಕೇಳಿದ.

"ಹಾಕಿ."

ಅವನು ಟೈರನ್ನು ಪೂರ್ತಿ ಕಳಚಿ ಮಗುಚಿದ. ಇಷ್ಟು ದಿನ ಚೈನ್ ಕವರಿನ ಮರೆಯಲ್ಲಿದ್ದ ಬದಿ ಮೇಲೆ ಬಂತು. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದ. ಒರೆಸಿದ ಕಡೆ ಕಪ್ಪು ಬಣ್ಣ ಬಟ್ಟೆಗೆ ಅಂಟಿ ಬಂತು, ಕೆಳಗೆ ನಾಲ್ಕು ಅಂಕಿ ಕಂಡಿತು. ಮುದುಕ ಅವಳ ಮುಖ ನೋಡಿದ. ಅವಳಿಗೆ ಓದಲು ಬರುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಯಿತೋ, ಏನೂ ವಿವರಿಸಲಿಲ್ಲ.

ಒಂಬತ್ತು ವರ್ಷ. ಅವಳು ಎರಡನೆಯ ಸಲ ಓದಿದಳು, ಆಗಲೂ ಒಂಬತ್ತೇ. ಬಗ್ಗಿ ಉಗುರಿನಿಂದ ಒತ್ತಿದಳು, ಹಲಗೆಯ ಹಾಗೆ ಗಟ್ಟಿ. ಗೆರೆಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಬಣ್ಣ ಹೋದ ಮೇಲೆ ಎದ್ದು ಕಾಣುತ್ತಿದ್ದವು. ಮಂಜಾದ ಕಣ್ಣಿನವನು ಬಾಣ ತಪ್ಪಬಹುದು. ಆದರೆ ಬಣ್ಣ ಹಚ್ಚಿದ ಕೈ ತಪ್ಪಿರಲಿಲ್ಲ. ಅಂಕಿ ಇರುವುದು ಟೈರಿನ ಒಂದೇ ಬದಿಯಲ್ಲಿ, ಅದು ಚೈನಿನ ಕಡೆ ಮರೆಯಾಗಬೇಕಾದರೆ ಬಾಣ ಹಿಂದಕ್ಕೆ ತಿರುಗಲೇಬೇಕಿತ್ತು, ಅದಕ್ಕೇ ತಿರುಗಿಸಿದ್ದ.

ಗಂಡನ ಮೊಣಕೈ ನೆನಪಾಯಿತು. ಮೆಟ್ಟಿಲ ಮೇಲೆ ಕೂತು ಮಾಡಿದ ಫೋನ್ ನೆನಪಾಯಿತು. ಬಿದ್ದೆವು ಎಂದು ಕೇಳಿದ ಮೇಲೂ ಅವನು ಬಾಯಿ ಬಿಡಲಿಲ್ಲ, ಮೇಣದ ಕಥೆ ಹೇಳಿದ. ಟೈರಿಗಿಂತ ಅದು ಹೆಚ್ಚು ಉರಿಯಿತು. ಊರಿನ ಕಳ್ಳರೆಲ್ಲ ಟೋಪಿ ಹಾಕಲಾರದೆ ಸೋತರು, ಹಾಕಿದವನು ಅಪ್ಪನ ಜಾಗದಲ್ಲಿ ನಿಂತವನು. ಅವಳು ಮುದುಕನ ಅಂಗಡಿಯ ಮುಂದೆಯೇ ಅತ್ತಳು. ಅವನು ತಲೆ ತಗ್ಗಿಸಿಕೊಂಡು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ.

ಚಿಕ್ಕಪ್ಪನ ಅಂಗಡಿ ತಲುಪುವಾಗ ಇನ್ನೂ ಬಿಸಿಲಿತ್ತು. ಅವನು ಹೊರಗೆ ಕೂತು ಚಹಾ ಕುಡಿಯುತ್ತಿದ್ದ. ಅವಳು ಹೆಲ್ಮೆಟ್ ತೆಗೆಯಲಿಲ್ಲ. ಗಾಡಿಯನ್ನು ಅವನ ಮುಂದೆ ಅಡ್ಡಕ್ಕೆ ನಿಲ್ಲಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ, ಅಂಕಿ ಅವನ ಕಣ್ಣಿಗೆ ನೇರವಾಗುವಲ್ಲಿ ನಿಲ್ಲಿಸಿದಳು.

ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಕೂತಲ್ಲಿಂದಲೇ ಓದಿದ. ಲೋಟ ಕೆಳಗಿಟ್ಟ.

"ಕುತ್ಕೋ," ಅಂದ.

"ಕೂರೋಕೆ ಬಂದಿಲ್ಲ. ಯಾಕೆ ಹೀಗೆ ಮಾಡಿದೆ ಹೇಳು."

ಅವನು ತೊಟ್ಟಿಯ ಕಡೆ ನೋಡುತ್ತಾ ಮಾತಾಡಿದ. "ನೀನು ಹೇಳಿದ ರೇಟಿಗೆ ನನಗೆ ಎರಡು ಹೊಸದು ಸಿಗಲ್ಲ. ದೊಡ್ಡ ಅಂಗಡಿಯವರಿಗೆ ಲಾರಿ ಲೆಕ್ಕದಲ್ಲಿ ಬರುತ್ತೆ, ನನಗೆ ಒಂದೊಂದು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನೀನು ಅವರ ರೇಟೆಲ್ಲ ಬಾಯಿಪಾಠ ಮಾಡ್ಕೊಂಡು ಬಂದು ನನ್ನ ಮುಂದೆ ಒಪ್ಪಿಸ್ತಾ ಇದ್ದೆ."

"ಅದಕ್ಕೆ ಹಳೇದು ಹಾಕಿದ್ಯಾ? ಕೈಲಾಗಲ್ಲ ಅಂದಿದ್ರೆ ನಾನು ಬೇಜಾರು ಮಾಡ್ಕೋತಿದ್ನಾ?"

"ನಾನು ಮಾಡ್ಕೋತಿದ್ದೆ."

ಅವಳು ಹೆಲ್ಮೆಟ್ ತೆಗೆದಳು. "ಹಳೇದು ಹಾಕಿದೆ, ಸರಿ. ತಿರುಗಿಸಿ ಯಾಕೆ ಹಾಕಿದೆ? ನೀರಲ್ಲಿ ಜಾರುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ? ಬೇರೆ ಗಿರಾಕಿಗಳಿಗೂ ಹೀಗೇ ಹಾಕ್ತೀಯಾ?"

"ಬೇರೆಯವರಿಗೆ ಯಾಕೆ ತಿರುಗಿಸ್ಲಿ? ಅವರಿಗೆ ಅಂಕಿ ಓದೋಕೆ ಬರಲ್ಲ." ಅವನ ದನಿ ಸಣ್ಣಗಾಯಿತು. "ನಿನಗೆ ಬರುತ್ತೆ."

ಯಾವನೋ ದಾರಿಹೋಕನಿಗೆ ಈ ಟೈರು ಹಾಕಿದ್ದರೆ ನೆಟ್ಟಗೆ ಹಾಕುತ್ತಿದ್ದ. ಅವನಿಂದ ಕಲಿತದ್ದಕ್ಕೆ, ಅವನ ಅಂಗಡಿಯಲ್ಲಿ ಬೆಳೆದದ್ದಕ್ಕೆ, ಅವಳಿಗೆ ಮಾತ್ರ ಹೆಚ್ಚು ಜಾರುವ ಹಾಗೆ ಹಾಕಿಕೊಟ್ಟಿದ್ದ. ಬೈಯಲು ಬಾಯಿ ತೆರೆದಳು, ಇಂಥದಕ್ಕೆ ಬೈಗುಳವೇ ಸಿಗಲಿಲ್ಲ.

"ಬಿದ್ದೆವು ಅಂತ ಹೇಳಿದಾಗ್ಲಾದ್ರೂ ಹೇಳ್ಬಹುದಿತ್ತು," ಅಂದಳು.

"ಆವತ್ತು ರಾತ್ರಿ ನಿದ್ದೆ ಮಾಡಲಿಲ್ಲ ನಾನು."

"ನಿದ್ದೆ ಮಾಡ್ದೇ ಇದ್ದು ಏನ್ ಮಾಡಿದೆ? ಬೆಳಿಗ್ಗೆ ನಮ್ಮನೆಯವರು ಮತ್ತೆ ಅದರ ಮೇಲೇ ಕೂತ್ರು."

ಅವನು ಎದ್ದು ಒಳಗೆ ಹೋಗಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಬಂದ. ಬಿಚ್ಚುತ್ತೇನೆ, ನಾಳೆ ಎಲ್ಲಿಂದಾದರೂ ಹೊಸದು ತಂದು ಹಾಕುತ್ತೇನೆ, ಒಂದು ಪೈಸೆ ಬೇಡ ಅಂದ. ಅವಳು ಗಾಡಿಗೆ ಅಡ್ಡ ನಿಂತಳು.

"ಬೇಡ. ಸರ್ಕಲ್ ಅಂಗಡಿಯಲ್ಲಿ ಹಾಕಿಸ್ಕೋತೀನಿ. ನನ್ನ ಗಾಡಿ ಮುಟ್ಟಬೇಡ."

ಪಾನಾ ಹಿಡಿದ ಕೈ ಹಾಗೇ ನಿಂತಿತು. ಅವನು ಒಮ್ಮೆಲೆ ಮುದುಕನಾದ ಹಾಗೆ ಅವಳಿಗೆ ಕಂಡಿತು. ಆದರೆ ಅಡ್ಡ ನಿಂತಲ್ಲಿಂದ ಅವಳು ಸರಿಯಲಿಲ್ಲ.

"ಆಯ್ತು. ಹಿಂದಿನದು ಮಾತ್ರ ಹಾಕಿಸ್ಕೋ. ಮುಂದಿನದಕ್ಕೆ ದುಡ್ಡು ದಂಡ ಮಾಡ್ಬೇಡ," ಅಂದ. "ಮುಂದಿನದು ಹೊಸದೇ. ಈ ವರ್ಷದ್ದು. ಹಿಂದಿನ ಚಕ್ರ ಜಾರಿದ್ರೆ ಮೈ ತರಚುತ್ತೆ, ಮುಂದಿನದು ಜಾರಿದ್ರೆ ಜೀವ ಹೋಗುತ್ತೆ. ಅದರಲ್ಲಿ ನಾನು ಆಟ ಆಡಿಲ್ಲ. ನೀನು ಕೊಟ್ಟ ದುಡ್ಡಲ್ಲಿ ಹೆಚ್ಚಿನದು ಅದಕ್ಕೇ ಸುರಿದು, ಒಳ್ಳೇದು ತಂದು ಹಾಕಿದ್ದೀನಿ."

ಹೇಳಿದ ರೀತಿ ನಿಜವಾಗಿತ್ತು. ಅವನು ಸುಳ್ಳು ಹೇಳುವಾಗ ಹೇಗಿರುತ್ತಾನೆಂದು ಅವಳಿಗೆ ಗೊತ್ತಿಲ್ಲದಿದ್ದರೂ, ನಿಜ ಹೇಳುವಾಗ ಹೇಗಿರುತ್ತಾನೆಂದು ಇಪ್ಪತ್ತೆಂಟು ವರ್ಷದಿಂದ ನೋಡಿದ್ದಳು. ನಂಬಬೇಕು ಅನ್ನಿಸಿತು. ಸರಿ ಅಂದು ಗಾಡಿ ಹತ್ತಿ ಹೊರಟುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಕಾಲು ಅವಳನ್ನು ಮುಂದಿನ ಚಕ್ರದ ಹತ್ತಿರ ಕರೆದುಕೊಂಡು ಹೋಗಿತ್ತು. ಅವಳು ಮಂಡಿಯೂರಿ ಕೂತಳು. ಟೈರಿನ ತುಂಬ ಕೆಸರು ಒಣಗಿ ಅಂಟಿಕೊಂಡಿತ್ತು, ಏನೂ ಓದಲಾಗಲಿಲ್ಲ.

ಹಿಂದಿನಿಂದ ಅವನು ಬಂದು ನಿಂತದ್ದು ತಿಳಿಯಿತು. ತೊಟ್ಟಿಯಲ್ಲಿ ಅದ್ದಿ ಹಿಂಡಿದ ಬಟ್ಟೆಯೊಂದನ್ನು ಅವಳ ಭುಜದ ಪಕ್ಕದಿಂದ ಚಾಚಿದ.

"ಒರೆಸಿ ನೋಡು ಮಗಳೇ. ಹಾಗೆ ಕಾಣಿಸಲ್ಲ," ಅಂದ.

ಅವಳು ತಿರುಗಿ ಅವನ ಮುಖ ನೋಡಲಿಲ್ಲ. ಬಟ್ಟೆ ತಗೊಂಡು ಒರೆಸಿದಳು. ಈ ವರ್ಷದ್ದೇ, ಬಾಣವೂ ನೆಟ್ಟಗಿತ್ತು. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಬಣ್ಣ ಅಂಟಿದೆಯೇ ಎಂದು ನೋಡಿದಳು.